ದೇವರ ಜಗಲಿಯ ಪಿಸ್ತೂಲು

ಕರಡಿಗೆ ಎಂಥ ಗುಂಡು ಹೊಡೆಯಬೇಕು ಎಂಬ ಅನುಮಾನ ನಿಮಗೆ ಯಾವತ್ತಾದರೂ ಬಂದರೆ ಸಂಕೋಚ ಮಾಡಿಕೊಳ್ಳದೆ ನನ್ನನ್ನು ಕೇಳಿ. ಅಮರಗೋಳದ ಮಾರ್ಕೆಟ್ಟಿನಲ್ಲಿ ನನ್ನದೊಂದು ಕಾಳಿನ ಅಡತಿ ಅಂಗಡಿ ಇದೆ. ಕಡಲೆ, ಹೆಸರು, ತೊಗರಿಯ ಚೀಲಗಳ ನಡುವೆ ಗಾದಿಗೆ ಒರಗಿ, ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡವನೊಬ್ಬ ಕಂಡರೆ ಅದು ನಾನೇ. ಲಿಲಾವು, ಅಂದರೆ ದಿನದ ಹರಾಜು, ಮುಗಿದ ಮೇಲೆ ಬಂದರೆ ಚಹಾ ಕುಡಿಸಿ ಹೇಳುತ್ತೇನೆ.

ಕರಡಿಯನ್ನು ಕಂಡಿದ್ದೀರೇನು ಎಂದು ಮಾತ್ರ ಕೇಳಬೇಡಿ. ಕಂಡಿದ್ದೇನೆ. ನಾನು ಚಿಕ್ಕವನಿದ್ದಾಗ ಧಾರವಾಡದ ನಮ್ಮ ಓಣಿಗೆ ಕರಡಿ ಆಡಿಸುವವನು ಬರುತ್ತಿದ್ದ. ಕರಡಿಯ ಬೆನ್ನ ಮೇಲೆ ಒಮ್ಮೆ ಕೂತರೆ ಮಕ್ಕಳ ಅಂಜಿಕೆ ಹೋಗುತ್ತದೆ ಎಂದು ಓಣಿಯ ತಾಯಂದಿರೆಲ್ಲ ನಂಬಿದ್ದರು. ಅವ್ವ ನನ್ನನ್ನೂ ಕೂರಿಸಿದಳು. ನಾನು ಹೊಡೆದ ಬೊಬ್ಬೆಗೆ ಕರಡಿಯೇ ಬೆದರಿ ನೆಲಕ್ಕೆ ಕೂತುಬಿಟ್ಟಿತಂತೆ. ಅಂಜಿಕೆ ಹೋಯಿತೋ ಇಲ್ಲವೋ, ಆ ಕರಡಿ ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ಈಗ ನನಗಿರುವ ಚಟ ಏನೆಂದರೆ, ದೂರದೇಶದ ಜನ ಕೈಬಂದೂಕಿನಿಂದ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವ ವಿಡಿಯೋ ನೋಡುವುದು. ಉದ್ದ ಬಂದೂಕು ಅವರಿಗೆ ಸಪ್ಪೆ. ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಹಂದಿಯೋ ಕರಡಿಯೋ ಹತ್ತಿರ ಬರುವ ತನಕ ಉಸಿರು ಹಿಡಿದು ಕಾಯುತ್ತಾರೆ. ನನಗೆ ಇಷ್ಟವಾಗುವುದು ಬೇಟೆಯಲ್ಲ, ಆಮೇಲಿನ ಮಾತು. ಹೊಡೆದ ಗುಂಡನ್ನು ಹೊರತೆಗೆದು ತೊಳೆದು ತೂಗುತ್ತಾರೆ. ಎಷ್ಟು ಒಳಗೆ ಹೋಯಿತು, ಎಷ್ಟು ಅರಳಿತು ಎಂದು ಮಾತಾಡುತ್ತಾರೆ. ಅದರಲ್ಲಿ ಎರಡು ಪಂಗಡ. ಮೂತಿಯಲ್ಲಿ ತೂತಿರುವ ಹಗುರ ಗುಂಡು ಒಳಹೊಕ್ಕು ಹೂವಿನ ಹಾಗೆ ಬಿರಿಯಬೇಕು ಎನ್ನುವವರು ಒಂದು ಕಡೆ. ಗಟ್ಟಿ ಸೀಸದ ಭಾರ ಗುಂಡು ಆಕಾರ ಕೆಡದೆ ಎಲುಬು ಮುರಿದುಕೊಂಡು ನೆಟ್ಟಗೆ ಹೋಗಬೇಕು ಎನ್ನುವವರು ಇನ್ನೊಂದು ಕಡೆ. ನಾನು ಭಾರ ಗುಂಡಿನವನು. ಈ ವಿಷಯದಲ್ಲಿ ನನ್ನನ್ನು ಅಲುಗಾಡಿಸಲು ಆಗುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಗುಂಡಿನ ತೂಕವನ್ನು ಅವರು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಿಂದೊಂದು ಕಾಲಕ್ಕೆ ಅದು ಒಂದು ಕಾಳಿನ ತೂಕವಂತೆ. ಇದು ಗೊತ್ತಾದ ದಿನ ನನಗೆ ಬೇಟೆ ನಮ್ಮ ಮನೆತನದ ವಿದ್ಯೆಯೇ ಅನ್ನಿಸಿಬಿಟ್ಟಿತು. ಮರುದಿನವೇ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಸಲಾಕಿ ಹಿಡಿದು, ಕಡಲೆಯ ಚೀಲದಲ್ಲಿ ಎಷ್ಟು ಇಳಿಯುತ್ತದೆ, ಹೆಸರಿನ ಚೀಲದಲ್ಲಿ ಎಷ್ಟು ಇಳಿಯುತ್ತದೆ ಎಂದು ಪರೀಕ್ಷೆಗೆ ನಿಂತೆ. ಸಾಹುಕಾರರು ಇವತ್ತು ಮಾಲು ಭಾಳ ಕಾಳಜಿಯಿಂದ ನೋಡುತ್ತಿದ್ದಾರೆ ಎಂದು ಹಮಾಲರು ಮಾತಾಡಿಕೊಂಡರು. ನಾನು ಮನಸ್ಸಿನಲ್ಲಿ ಆ ಹೊತ್ತಿಗೆ ಮೂರನೆಯ ಹಂದಿಯನ್ನು ಕೆಡವಿದ್ದೆ.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಲಿಂಗವಂತರ ಮನೆ. ಅವ್ವ ಈ ವಯಸ್ಸಿನಲ್ಲೂ ಬೆಳಿಗ್ಗೆ ಎದ್ದು ಗೋಡೆಯ ಬುಡದಲ್ಲಿ ಇರುವೆಗಳಿಗೆ ಸಕ್ಕರೆ ಹಾಕುತ್ತಾಳೆ. ಅಂಥ ಮನೆಯ ಊಟದ ಹೊತ್ತಿನಲ್ಲಿ ನಾನು ಒಂದು ಸಲ ಕಡಲೆಹಿಟ್ಟಿನ ಝುಣಕದ ವಡಿಯನ್ನು ಎತ್ತಿ ನಿಲ್ಲಿಸಿ, ಒಂದು ಶೇಂಗಾ ಬೀಜವನ್ನು ಅದರೊಳಗೆ ನೂಕಿ, ಭಾರ ಗುಂಡು ಹಂದಿಯ ಭುಜದೊಳಗೆ ಹೇಗೆ ಹೋಗುತ್ತದೆ ಎಂದು ವಿವರಿಸಿದೆ. ನನ್ನ ಹೆಂಡತಿ ಗಿರಿಜಾ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹೋಗುವಾಗ, ಆ ವಡಿ ನಿಮಗೇ ಇರಲಿ ಎಂದಳು. ತಿಂದೆ. ಛಲೋ ಇತ್ತು.

ಆದರೆ ಈ ಹುಚ್ಚು ನನಗೆ ಮೊಬೈಲಿನಿಂದ ಮೊದಲಾದದ್ದಲ್ಲ. ನಮ್ಮ ಮನೆಯಲ್ಲಿ ಖರೇ ಪಿಸ್ತೂಲು ಇತ್ತು. ಅಪ್ಪ ಹತ್ತಿ ಮತ್ತು ಕಾಳಿನ ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ರೊಕ್ಕದ ಚೀಲ ಹಿಡಿದು ಹಳ್ಳಿ ಹಳ್ಳಿ ತಿರುಗಬೇಕಾಗುತ್ತಿತ್ತು. ಅದಕ್ಕಾಗಿ ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ತಂದಿದ್ದ. ಅದು ಇರುತ್ತಿದ್ದುದು ಅಪ್ಪನ ಸೊಂಟದಲ್ಲಲ್ಲ, ಅವ್ವನ ದೇವರ ಜಗಲಿಯ ಮೇಲೆ, ಗಂಟೆ ಮತ್ತು ಊದಿನಕಡ್ಡಿಯ ಗೂಡಿನ ನಡುವೆ, ಕೆಂಪು ಅರಿವೆಯಲ್ಲಿ ಸುತ್ತಿಕೊಂಡು. ಗುಂಡುಗಳು ಕುಂಕುಮದ ಭರಣಿಯಲ್ಲಿ ಇದ್ದವು. ಮಹಾನವಮಿಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ದಿನ ಅದು ಹೊರಗೆ ಬರುತ್ತಿತ್ತು. ನಸುಕಿನಲ್ಲೇ ಅವ್ವ ಅದಕ್ಕೆ ಪಂಚಾಮೃತದ ಅಭಿಷೇಕ ಮಾಡಿ ಮುಗಿಸಿರುತ್ತಿದ್ದಳು. ನಾವು ಹುಡುಗರು ಎಣ್ಣೆ ಹಚ್ಚಿಕೊಂಡು ಎರೆದುಕೊಂಡು ಬರುವ ಹೊತ್ತಿಗೆ ತಕ್ಕಡಿ, ತೂಕದ ಕಲ್ಲು, ಹಮಾಲರ ಕೊಕ್ಕೆ ಎಲ್ಲವುಗಳ ನಡುವೆ ಪಿಸ್ತೂಲು ವಿಭೂತಿ ಬಳಿದುಕೊಂಡು, ಚೆಂಡುಹೂವು ಮುಡಿದುಕೊಂಡು ಸ್ವಾಮಿಗಳ ಹಾಗೆ ಕೂತಿರುತ್ತಿತ್ತು. ನಾವು ಉದ್ದಕ್ಕೆ ಬಿದ್ದು ನಮಸ್ಕಾರ ಮಾಡುತ್ತಿದ್ದೆವು. ಪಿಸ್ತೂಲಿಗೆ ಸಾಷ್ಟಾಂಗ ಹಾಕಿದ ಬೇಟೆಗಾರ ಆ ದೂರದೇಶದಲ್ಲಿ ಒಬ್ಬನೂ ಇರಲಾರ.

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. ಆ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು, ಕೆಂಪು ಗಂಟನ್ನು ಎದೆಗೆ ಹಿಡಿದು ನಡುಬೀದಿಯಲ್ಲೇ ನಡೆದು ಹೋಗುತ್ತಿದ್ದ. ದಾರಿಯಲ್ಲಿ ಯಾರೂ ಕೇಳದಿದ್ದರೂ ನಿಂತು, ಗಂಟಿನಲ್ಲಿ ಏನಿದೆ, ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳುತ್ತಿದ್ದ. ಠಾಣೆಯವರು ಕುಂಕುಮ ಒರೆಸಿ ನಂಬರ್ ನೋಡಿ ಒಳಗಿಡುತ್ತಿದ್ದರು, ಚುನಾವಣೆ ಮುಗಿದ ಮೇಲೆ ಹಾಗೇ ಕೊಡುತ್ತಿದ್ದರು. ಅದು ಗುಂಡು ಹಾರಿಸುತ್ತದೆಯೋ ಇಲ್ಲವೋ ಎಂದು ಯಾರೂ ನೋಡಿದ ನೆನಪಿಲ್ಲ.

ಗುಂಡಿನ ಮಾತು ನನಗೆ ಬಂದದ್ದೂ ಅಪ್ಪನಿಂದಲೇ. ಕಟ್ಟೆಯ ಮೇಲೆ ಕೂತು, ಯಾವ ಗುಂಡಿಗೆ ಹಂದಿ ಬೀಳುತ್ತದೆ, ಯಾವುದಕ್ಕೆ ಬರೀ ಸಿಟ್ಟಾಗುತ್ತದೆ ಎಂದು ಹೇಳುತ್ತಿದ್ದರೆ ಓಣಿಯ ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಮತ್ತೆ ಅಪ್ಪನಿಗೆ ನನಗಿಲ್ಲದ ಒಂದು ಬಲವಿತ್ತು. ಅವನು ನಿಜವಾಗಿ ಒಮ್ಮೆ ಬೇಟೆಗೆ ಹೋಗಿದ್ದ. ನಾನು ತೊಟ್ಟಿಲಲ್ಲಿದ್ದಾಗಿನ ಮಾತು. ಆಗ ಈಗಿನ ಕಾಯ್ದೆ ಇರಲಿಲ್ಲ. ಹೆಬ್ಬಳ್ಳಿಯಲ್ಲಿ ನಮ್ಮ ಕಾಕಾನ ಹೊಲಕ್ಕೆ ಹಂದಿ ಬಿದ್ದು ಶೇಂಗಾ ಹಾಳು ಮಾಡುತ್ತಿದ್ದವು. ಅಪ್ಪ ಪಿಸ್ತೂಲು ತೆಗೆದುಕೊಂಡು ಹೋಗಿ ಸಂಜೆಯ ಹೊತ್ತು ಬದುವಿನ ಹಿಂದೆ ಕೂತ. ಕೋರೆ ಇದ್ದ ದೊಡ್ಡ ಹಂದಿಯೇ ಬಂತು. ಅಪ್ಪ ಗುರಿ ಹಿಡಿದ, ಹಿಡಿದವನು ಹಾಗೇ ಇಳಿಸಿದ. ಅದರ ಕಣ್ಣು ನೋಡಿ ಕರುಳು ಚುರ್ ಅಂದಿತು, ಹೊಡೆಯಲಿಕ್ಕೆ ಮನಸ್ಸು ಬರಲಿಲ್ಲ ಎಂದು ಕಾಕಾನಿಗೆ ಹೇಳಿದನಂತೆ. ಹೆಬ್ಬಳ್ಳಿಯ ಹಿರಿಯರು ಈ ಕತೆಯನ್ನು ಈಗಲೂ ಹೇಳಿ ಕೈ ಮುಗಿಯುತ್ತಾರೆ. ಕಾಕಾ ಮಾತ್ರ ಆ ವರ್ಷ ಶೇಂಗಾ ಕೊಂಡು ತಿಂದ.

ಹೋದ ವರ್ಷ ಅಪ್ಪ ತೀರಿಕೊಂಡ. ವಯಸ್ಸಾಗಿತ್ತು, ಸತ್ತೂರಿನ ಆಸ್ಪತ್ರೆಯಲ್ಲಿ ನಿದ್ದೆಯಲ್ಲೇ ಹೋದ. ಮನೆಯಲ್ಲಿ ಅವನ ಕೋಲು, ಅವನ ಟೊಪ್ಪಿಗೆ ಒಂದೊಂದಾಗಿ ಯಾರ್ಯಾರಿಗೋ ಹೋದವು. ಈ ವರ್ಷ ದಸರೆ ಇನ್ನೂ ದೂರ ಇರುವಾಗ ಠಾಣೆಯಿಂದ ಫೋನು ಬಂತು. ಲೈಸೆನ್ಸ್ ಇದ್ದವರು ತೀರಿಹೋಗಿದ್ದಾರೆ, ಮಗನ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ರಿವಾಲ್ವರ್ ತಂದು ಒಪ್ಪಿಸಿ ಎಂದರು. ಆಗ ಅವ್ವ ಜಗಲಿಯ ಮುಂದೆ ಹೋಗಿ ಕೂತುಬಿಟ್ಟಳು.

"ಎಲ್ಲಾ ಕೊಟ್ಟೀರಿ, ನಾ ಏನರೆ ಅಂದೇನೇನು?" ಎಂದಳು. "ಇದೊಂದು ಮನ್ಯಾಗ ಇರಲಿ. ಅವರು ಅದಾರ ಅನಸ್ತೈತಿ ನನಗ."

ಅವ್ವ ನನ್ನನ್ನು ಏನನ್ನೂ ಬೇಡಿದವಳಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನೀರಿನ ಜೊತೆ ಸ್ವಲ್ಪ ಹೆಮ್ಮೆಯೂ ಬಂತು ಎಂದು ಸುಳ್ಳಿಲ್ಲದೆ ಹೇಳಬೇಕು. ಯಾಕೆಂದರೆ ಲೈಸೆನ್ಸ್ ನನ್ನ ಹೆಸರಿಗೆ ಆಗಬೇಕಾದರೆ ಪೊಲೀಸರು ನಾಗರಿಕರಿಗೆ ಕೊಡುವ ಬಂದೂಕು ತರಬೇತಿಗೆ ಹೋಗಿ, ಗುಂಡು ಹೊಡೆದು ತೋರಿಸಬೇಕಿತ್ತು. ಚಿಂತಿ ಬಿಡು ಯವ್ವಾ, ಇದು ನನ್ನ ವಿಷಯ ಎಂದೆ. ಗಿರಿಜಾ ನನ್ನ ಕಡೆ ನೋಡಿದಳು. ಝುಣಕದ ವಡಿಯ ದಿನ ನೋಡಿದ ಹಾಗೆಯೇ ನೋಡಿದಳು.

ತರಬೇತಿಗೆ ಬಂದವರು ಬಹಳ ಜನ. ಕಾಲೇಜಿನ ಹುಡುಗಿಯರು, ಒಬ್ಬ ಹಲ್ಲಿನ ಡಾಕ್ಟರು, ಪೆಟ್ರೋಲ್ ಬಂಕಿನವರು. ಮೊದಲ ದಿನ ಬರೀ ಮಾತು, ಕೈಗೆ ಬಂದೂಕು ಕೊಡಲಿಲ್ಲ. ಅದು ನನ್ನ ದಿನ. ಚಹಾದ ಹೊತ್ತಿಗೆ ನನ್ನ ಸುತ್ತ ಗುಂಪೇ ಕೂಡಿತ್ತು. ತೂತಿನ ಗುಂಡು ಯಾಕೆ ನಂಬಬಾರದು, ದಪ್ಪ ಚರ್ಮದ ಪ್ರಾಣಿಗೆ ಭಾರ ಗುಂಡೇ ಯಾಕೆ ಬೇಕು ಎಂದು ಬಿಸ್ಕೀಟು ಚಹಾದಲ್ಲಿ ಅದ್ದಿ ಅದ್ದಿ ತೋರಿಸಿದೆ. ಡಾಕ್ಟರು ನನ್ನನ್ನು ಸರ್ ಎನ್ನಲು ಸುರು ಮಾಡಿದರು. ಕಲಿಸುವ ಹವಾಲ್ದಾರರು ದಪ್ಪ ದನಿಯ ಮನುಷ್ಯ. ದೂರದಲ್ಲೇ ನಿಂತು ಕೇಳಿದರು.

ಹೊಡೆಯುವ ದಿನ ನೆಲಕ್ಕೆ ಹಾಸಿದ ಚಾಪೆಯ ಮೇಲೆ ಬೋರಲಾಗಿ ಮಲಗಿದೆ. ನನ್ನ ಹೊಟ್ಟೆ ನೆಲಕ್ಕೆ ಮೊದಲು ಮುಟ್ಟಿ, ಉಳಿದದ್ದೆಲ್ಲ ಸ್ವಲ್ಪ ಮೇಲೇ ಉಳಿಯಿತು. ಕೈಬಂದೂಕು ಕೊಡುತ್ತಾರೆ ಅಂದುಕೊಂಡಿದ್ದೆ, ಸಣ್ಣ ಗುಂಡಿನ ಒಂದು ಹಳೆಯ ರೈಫಲ್ ಕೊಟ್ಟರು. ಇಲಿಗೂ ಸಾಲದ ಗುಂಡು ಎಂದು ನಿನ್ನೆಯಷ್ಟೇ ನಾನು ಬೈದದ್ದು ಅದನ್ನೇ. ಹವಾಲ್ದಾರರು ಹೊಡೀರಿ ಎಂದ ಕೂಡಲೇ ನಾನು ಎರಡೂ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಬೆರಳೊತ್ತಿದೆ. ಶಬ್ದಕ್ಕೆ ಕಿವಿಯಲ್ಲಿ ಜೀರುಂಡೆ ಕೂಗಿತು. ಹೀಗೇ ಕೊಟ್ಟ ಗುಂಡೆಲ್ಲ ಮುಗಿಸಿದೆ. ಗುರಿಯ ಹಲಗೆ ನೋಡಲು ಹೋದಾಗ ನನ್ನ ಹಲಗೆಯ ಕಾಗದ ಅಂಗಡಿಯಿಂದ ತಂದ ಹಾಗೇ ಇತ್ತು. ಪಕ್ಕದಲ್ಲಿದ್ದ ಡಾಕ್ಟರ ಕಾಗದದಲ್ಲಿ ಅವರು ಹೊಡೆದದ್ದಕ್ಕಿಂತ ಹೆಚ್ಚು ತೂತು ಇದ್ದವು.

"ನಿಮ್ಮ ಗುಂಡು ಬಾಜೂದವರ ಲೆಕ್ಕಕ್ಕ ಹತ್ಯಾವ್ರಿ," ಎಂದರು ಹವಾಲ್ದಾರರು. "ಭಾರ ಗುಂಡು ಇದ್ದಿದ್ರ ಏನಾಕ್ಕಿತ್ತೋ ದೇವರಿಗೇ ಗೊತ್ತು."

ಡಾಕ್ಟರು ಅಂದಿನಿಂದ ನನ್ನನ್ನು ಕಾಕಾ ಎನ್ನತೊಡಗಿದರು. ಆದರೂ ಹವಾಲ್ದಾರರು ದೊಡ್ಡ ಮನುಷ್ಯರು. ಮುಂದಿನ ದಿನಗಳಲ್ಲಿ ನನ್ನ ಕಣ್ಣಿನ ಪಕ್ಕ ಬೆರಳಿಟ್ಟುಕೊಂಡೇ ಕಣ್ಣು ತೆರೆಸಿದರು. ಕಡೆಗೆ ಕಾಗದದ ಒಂದು ಮೂಲೆ ಹರಿಯಿತು. ಸಾಕು, ಪಾಸಾದ್ರಿ, ನಾಳೆ ನಿಮ್ಮ ರಿವಾಲ್ವರ್ ತನ್ನಿ, ನೋಡಿ ಬರೆದು ಕೊಡುತ್ತೇನೆ ಎಂದರು. ಮನೆಗೆ ಬಂದು, ಮೂಲೆ ಹರಿದ ಆ ಕಾಗದ ತೋರಿಸಿ, ಅವ್ವನಿಗೆ ಗೆದ್ದೆ ಎಂದು ಹೇಳಿದೆ. ಅವ್ವ ಆ ದಿನ ಗೋದಿ ಹುಗ್ಗಿ ಮಾಡಿಸಿದಳು. ಆದರೆ ಪಿಸ್ತೂಲು ಬಿಚ್ಚಿ ನೋಡುತ್ತಾರೆ ಎಂದಾಗ ಅವಳ ಮುಖ ಒಂದು ನಮೂನೆ ಆಯಿತು. ಹುಗ್ಗಿಯ ಗುಂಗಿನಲ್ಲಿ ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಹವಾಲ್ದಾರರು ಕೆಂಪು ಅರಿವೆ ಬಿಚ್ಚಿದರು. ಒಳಗೆ ಗುಂಡು ಇದೆಯೋ ಖಾಲಿ ಇದೆಯೋ ತೋರಿಸಿ ಎಂದರು. ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಹೇಗೆ ಬಿಡಿಸುವುದು ಎಂದು ನಾನು ಸಾವಿರ ಸಲ ನೋಡಿದ್ದೇನೆ. ಹೆಬ್ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಅವರು ತೆಗೆದುಕೊಂಡು ಒತ್ತಿದರು. ಆಮೇಲೆ ಅದನ್ನು ಮರಳಿನ ಚೀಲಗಳ ಕಡೆ ತಿರುಗಿಸಿ ಇಟ್ಟು, ನನ್ನನ್ನು ಹಿಂದೆ ಸರಿಯಲು ಹೇಳಿದರು. ನಾನು ಎಷ್ಟು ಹಿಂದೆ ಸರಿದೆನೆಂದರೆ ಅವರು ಕೂಗಿ ಕರೆಯಬೇಕಾಯಿತು. ಸೀಮೆಎಣ್ಣೆಯಲ್ಲಿ ಅದ್ದಿ ಇಟ್ಟು, ಮಧ್ಯಾಹ್ನದ ಹೊತ್ತಿಗೆ ಕಟ್ಟಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದರು. ಗುಂಡಿರಲಿಲ್ಲ. ಕಂದು ಬಣ್ಣದ ಅಂಟು ಇತ್ತು, ಕಾಸಿದ ಬೆಲ್ಲದ ಆಣದ ಹಾಗೆ. ಅದರಲ್ಲಿ ಸತ್ತ ಇರುವೆಗಳು. ನಳಿಗೆಯೊಳಗೂ ಅದೇ. ಬೆರಳಿನಿಂದ ಎಳೆಯುವ ಕುದುರೆಯಂತೂ ಜಂಗು ಹಿಡಿದು ಒಂದೇ ಕಬ್ಬಿಣವಾಗಿತ್ತು.

ಹವಾಲ್ದಾರರು ಮೂಸಿ ನೋಡಿದರು. "ತುಪ್ಪ, ಜೇನುತುಪ್ಪ," ಎಂದರು. "ಇದರಿಂದ ಗುಂಡು ಹಾರಿ ಒಂದು ಜನ್ಮ ಆಗೇತ್ರಿ ಸಾಹುಕಾರ್ರ."

ಲೈಸೆನ್ಸ್ ಇದ್ದ ಬಂದೂಕಿನ ಅಂಗಡಿಯಲ್ಲಿ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಿ ತಂದರೆ ನನ್ನ ಹೆಸರಿಗೆ ಆಗುತ್ತದೆ, ಇಲ್ಲದಿದ್ದರೆ ಒಪ್ಪಿಸುವುದೇ ದಾರಿ ಎಂದರು. ನನಗೆ ಬೇಜಾರಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ಕೂತು ಮನೆಗೆ ಬರುವ ತನಕ ಹೊಸ ಕುದುರೆ, ಹೊಸ ಸ್ಪ್ರಿಂಗು, ಒಳ್ಳೆಯ ಭಾರ ಗುಂಡುಗಳು ಎಂದು ಕನಸು ಕಂಡೆ. ಇಷ್ಟು ವರ್ಷ ಮೊಬೈಲಿನಲ್ಲಿ ಮಾಡಿದ ಅಭ್ಯಾಸ ಕೈಗೆ ಬರುವ ಕಾಲ ಬಂತು ಅಂದುಕೊಂಡೆ. ಬೇಟೆ ಈಗ ಅಪರಾಧ, ಅದು ನನಗೂ ಗೊತ್ತು. ಮರಳಿನ ಚೀಲಕ್ಕಾದರೂ ಹೊಡೆಯಬಹುದಲ್ಲ.

ಮನೆಗೆ ಬಂದು ಅವ್ವನ ಮುಂದೆ ಉತ್ಸಾಹದಿಂದ ಎಲ್ಲ ಹೇಳಿದೆ. ನಿನ್ನ ಪಂಚಾಮೃತದಿಂದ ಪಿಸ್ತೂಲು ಕೆಟ್ಟಿದೆ, ಚಿಂತೆಯಿಲ್ಲ, ಹೊಸದರ ಹಾಗೆ ಮಾಡಿಸಿಕೊಂಡು ಬರುತ್ತೇನೆ ಎಂದೆ. ಅವ್ವ ಬತ್ತಿ ಹೊಸೆಯುತ್ತಿದ್ದಳು. ಹೊಸೆಯುವುದನ್ನು ನಿಲ್ಲಿಸಿದಳು.

"ಕೆಟ್ಟಿಲ್ಲದು. ನಾನ ಕೆಡಿಸೇನಿ," ಎಂದಳು.

ಆಮೇಲೆ ಅವಳು ನಿಧಾನಕ್ಕೆ ಹೇಳಿದ್ದು ಇದು. ಆ ವರ್ಷ ಅಪ್ಪ ಹೆಬ್ಬಳ್ಳಿಗೆ ಹಂದಿ ಹೊಡೆಯಲು ಹೋಗುವ ಮಾತು ಮಹಾನವಮಿಯ ಮೊದಲೇ ಮನೆಯಲ್ಲಿ ಎದ್ದಿತ್ತು. ಅವ್ವ ಚಿಕ್ಕ ಹುಡುಗಿ, ತೊಡೆಯ ಮೇಲೆ ನಾನು. ಮನೆಯಲ್ಲಿ ಅತ್ತೆ ಮಾವ. ಅವಳಿಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯ ಕೈಯಿಂದ ಒಂದು ಜೀವ ಹೋಗುತ್ತದೆ, ಅದರ ಪಾಪ ತೊಟ್ಟಿಲ ಕೂಸಿಗೆ ತಟ್ಟುತ್ತದೆ ಎಂದು ಅಂಜಿದಳು.

"ಬ್ಯಾಡ ಅನ್ನಾಕ ನನಗ ಬಾಯಿ ಇದ್ದಿಲ್ಲ," ಎಂದಳು. "ಪೂಜಿ ಮಾಡಾಕರೆ ಕೈ ಇದ್ವಲ್ಲ."

ಖಂಡೆ ಪೂಜೆಯ ದಿನ ನಸುಕಿನಲ್ಲಿ ಯಾರೂ ಏಳುವ ಮೊದಲು ಎದ್ದು ಹಾಲು, ಮೊಸರು, ತುಪ್ಪ, ಸಕ್ಕರೆ ಎಲ್ಲ ಹಾಕಿದಳು. ಜೇನುತುಪ್ಪವನ್ನಂತೂ ದೊಡ್ಡ ಬಟ್ಟಲಿನಿಂದ, ವಾಟಗದಿಂದಲೇ ಸುರಿದಳು. ಒರೆಸದೆ ಅರಿವೆಯಲ್ಲಿ ಸುತ್ತಿ ಇಟ್ಟಳು. ಕೆಲವು ದಿನ ಬಿಟ್ಟು ಅಪ್ಪ ಅದನ್ನೇ ಒಯ್ದ. ಹೆಬ್ಬಳ್ಳಿಯಿಂದ ತಿರುಗಿ ಬಂದವನು ಪಿಸ್ತೂಲನ್ನು ಜಗಲಿಯ ಮೇಲಿಟ್ಟ. ಕೈಕಾಲು ತೊಳೆದುಕೊಂಡು ಉಂಡ. ಅವ್ವನಿಗೆ ಒಂದು ಮಾತೂ ಕೇಳಲಿಲ್ಲ.

ಹೆಬ್ಬಳ್ಳಿಯ ಹಿರಿಯರು ಕೈ ಮುಗಿಯುವ ಆ ದಯೆ, ಆ ಚುರ್ ಎಂದ ಕರುಳು, ಎಲ್ಲ ಅವ್ವನ ವಾಟಗದಿಂದ ಸುರಿದದ್ದು. ಅಪ್ಪ ಕುದುರೆ ಎಳೆದು ಎಳೆದು ನೋಡಿ, ಅದು ಬಾರದೆ, ಎದುರಿಗೆ ಕೋರೆಯ ಹಂದಿ ನಿಂತಿರುವಾಗ ಏನು ಮಾಡಿರಬೇಕು ಎಂದು ನೆನೆದು ನನಗೆ ನಗು ಬಂತು. ಅಪ್ಪನಿಗೆ ಗೊತ್ತಾಗಲೇ ಇಲ್ಲವೇ ಎಂದು ಕೇಳಿದೆ.

"ಮುಂದಿನ ಮಾನೌಮಿಗೆ ನಾ ಹಾಲ ಹಿಡಕೊಂಡು ಕುಂತಿದ್ದೆ, ಹಾಕ್ಲ್ಯೋ ಬ್ಯಾಡೋ ಅಂತ," ಎಂದಳು ಅವ್ವ. "ಕತ್ತಲಾಗ ಅವರು ಎದ್ದು ಬಂದ್ರು. ಬಾಜೂಕ ಕುಂತು ಪಿಸ್ತೂಲ ತಗೊಂಡು, ಮೂತಿ ಮ್ಯಾಲ ಮಾಡಿ ಹಿಡದ್ರು. ಒಳಗ ಇಳಿಯೂ ಹಂಗ ಹಾಕ ಅಂದ್ರು. ಪ್ರತಿ ವರ್ಷಾ ಅವರ ಹಿಡೀತಿದ್ರು, ನಾ ಹಾಕ್ತಿದ್ದೆ."

ನನಗೆ ನಗು ನಿಂತುಹೋಯಿತು. ಅಪ್ಪ ಬೇಕು ಎಂದು ನನಗೆ ಆಗ ಅನ್ನಿಸಿದಷ್ಟು, ಅವನು ಹೋದ ದಿನವೂ ಅನ್ನಿಸಿರಲಿಲ್ಲ. ಕಟ್ಟೆಯ ಮೇಲೆ ಕೂತು ಹಂದಿ ಕೆಡವಿದ ಮನುಷ್ಯ, ಹೊಡೆಯುವ ಪ್ರಸಂಗ ಬರದ ಹಾಗೆ ಹೆಂಡತಿಯ ಹತ್ತಿರ ಪ್ರತಿ ವರ್ಷ ಬಂದೋಬಸ್ತು ಮಾಡಿಸಿಕೊಳ್ಳುತ್ತಿದ್ದ. ಗಂಡ ಹೆಂಡತಿ ಇಬ್ಬರೇ ಕತ್ತಲಲ್ಲಿ ಕೂತು, ಮನೆಯಲ್ಲಿ ಯಾರಿಗೂ ಹೇಳದೆ, ನಗುತ್ತಲೂ ಇದ್ದರೇನೋ. ಅವ್ವ ಇಟ್ಟುಕೊಳ್ಳಬೇಕೆಂದದ್ದು ಅದನ್ನು, ಪಿಸ್ತೂಲನ್ನಲ್ಲ. ನಾನು ಅದನ್ನು ಹೊಸದು ಮಾಡಿಸುತ್ತೇನೆ ಎಂದು ಕುಣಿದುಕೊಂಡು ಬಂದಿದ್ದೆ.

ರಿಪೇರಿ ಮಾಡಿಸುವುದಿಲ್ಲ, ಹೇಗಾದರೂ ಮಾಡಿ ಹೀಗೇ ಉಳಿಸಿಕೊಳ್ಳಲು ಸಾಧ್ಯವೇ ಎಂದು ಪೊಲೀಸಿನ ದೊಡ್ಡವರನ್ನು ಕೇಳುತ್ತೇನೆ ಎಂದೆ. ಅವ್ವ ತಲೆಯಾಡಿಸಿದಳು. ಬೆಳಕಿಗೆ ಬಂದ ಮೇಲೆ ಯಾರಾದರೂ ಒಬ್ಬರು ಒಂದು ದಿನ ಅದನ್ನು ತೊಳೆದೇ ತೊಳೆಯುತ್ತಾರೆ ಎಂದಳು. ಗುಂಡು ಹಾರಿಸುವ ಪಿಸ್ತೂಲು ಆಕೆಗೆ ಮನೆಯಲ್ಲಿ ಬೇಡ. ಒಪ್ಪಿಸಿ ಬಾ ಎಂದಳು. ಹೇಳಿ ಮತ್ತೆ ಬತ್ತಿ ಹೊಸೆಯಲು ಹಿಡಿದಳು.

ಮಹಾನವಮಿಗೆ ಇನ್ನೂ ವೇಳೆ ಇತ್ತು. ಆದರೂ ಒಪ್ಪಿಸುವ ದಿನ ನಸುಕಿನಲ್ಲಿ ಅಡುಗೆಮನೆಯಿಂದ ವಾಟಗದ ಸಪ್ಪಳ ಕೇಳಿ ಎದ್ದೆ. ಅವ್ವ ಜಗಲಿಯ ಮುಂದೆ ಒಬ್ಬಳೇ ಕೂತಿದ್ದಳು. ಸೀಮೆಎಣ್ಣೆಯ ವಾಸನೆ ಹೊಡೆಯುವ ಪಿಸ್ತೂಲನ್ನು ತಾಟಿನಲ್ಲಿ ಅಡ್ಡ ಮಲಗಿಸಿದ್ದಳು. ನಾನು ಜಳಕವನ್ನೂ ಮಾಡದೆ ಹೋಗಿ ಪಕ್ಕದಲ್ಲಿ ಕೂತೆ. ಅದನ್ನು ಎತ್ತಿಕೊಂಡು ಮೂತಿ ಮೇಲೆ ಮಾಡಿ ಹಿಡಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ಹಾಲು ಹಾಕಿದಳು, ಮೊಸರು ಹಾಕಿದಳು, ಜೇನುತುಪ್ಪ ಹಾಕಿದಳು. ಅದು ನಳಿಗೆಯ ಬಾಯಿಯಿಂದ ಉಕ್ಕಿ ನನ್ನ ಮೊಳಕೈ ತನಕ ಹರಿಯಿತು. ನನಗೆ ಎದ್ದು ಹೋಗಲು ಮನಸ್ಸಿರಲಿಲ್ಲ.

"ಇನ್ನೊಂದೀಟು ಹಾಕ ಯವ್ವಾ," ಎಂದೆ. "ಒಳಗ ಇಳೀಲಿ."

ಅವ್ವ ವಾಟಗ ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಸಲ ನನ್ನ ಮುಖ ನೋಡಿದಳು.

"ನಿನ್ನ ಕೈಗೆ ಇಷ್ಟು ಸಾಕು ಬಿಡು," ಎಂದಳು. "ನಿಮ್ಮಪ್ಪಾರ ಕೈಯಾಗಿದ್ರ ನನಗ ಒಂದೀಟರೆ ಅಂಜಿಕಿ ಇರತಿತ್ತು."